ಕೊನೆಯ ಬೆಂಚಿನ ಕಿವಿ

“ಈಗ ಹೇಗಿದೆ ಮರಿ?” ಸ್ಟೇಜಿನ ಮೇಲಿಂದ ತಾತ ಕೂಗಿ ಕೇಳಿದರು.

“ಹೂಂ, ಚೆನ್ನಾಗಿದೆ” ಎಂದಳು ಚೂಟಿ. ಅವಳು ಕೂತಿದ್ದದ್ದು ಶಾಲೆಯ ಹಾಲಿನ ಕಟ್ಟಕಡೆಯ ಬೆಂಚಿನಲ್ಲಿ.

ಚೂಟಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಎರಡು ನಿಮಿಷ ಒಂದು ಕಡೆ ಕೂರದ ಹುಡುಗಿಗೆ ಇನ್ನೇನೆಂದು ಹೆಸರಿಡುತ್ತಾರೆ ಹೇಳಿ? ಆದರೆ ಈ ಒಂದು ಕೆಲಸಕ್ಕೆ ಮಾತ್ರ ಅವಳು ಅಲುಗಾಡದೆ ಕೂರುತ್ತಿದ್ದಳು. ತಾತ ಎಲ್ಲಿ ಸ್ಟೀಲ್ ಗಿಟಾರ್ ನುಡಿಸಲು ಹೋದರೂ ಇವಳು ಜೊತೆಗೆ ಹೋಗಲೇಬೇಕು.

ಯಾಕೆಂದರೆ, ಆಂಪ್ಲಿಫೈಯರ್ ಪೆಟ್ಟಿಗೆಯ ಮುಖ ಇರುವುದು ಜನರ ಕಡೆಗೆ. ಅದರ ಪಕ್ಕದಲ್ಲೇ ಕೂತು ನುಡಿಸುವವರಿಗೆ ದೂರದಲ್ಲಿ ಹೇಗೆ ಕೇಳಿಸುತ್ತದೆ ಎಂದು ತಿಳಿಯುವುದಿಲ್ಲ. ಅದಕ್ಕೇ ತಾತ ಒಂದು ತಂತಿ ಮೀಟಿ, ಟ್ರೆಬಲ್ ಗುಂಡಿಯನ್ನು ಒಂಚೂರು ತಿರುಗಿಸಿ, “ಈಗ?” ಎಂದು ಕೇಳುತ್ತಿದ್ದರು. “ಚುಚ್ತಿದೆ” ಎಂದರೆ ಇಳಿಸುತ್ತಿದ್ದರು. “ಮಂಕಾಗಿದೆ” ಎಂದರೆ ಏರಿಸುತ್ತಿದ್ದರು. ಬೇಸ್‌ಗೂ ಎಕೋಗೂ ಹೀಗೆಯೇ. ಚೂಟಿ ಹೂಂ ಎಂದಮೇಲೆ ತಾತ ಆ ಗುಂಡಿಗಳನ್ನು ಮತ್ತೆ ಮುಟ್ಟಿದವರಲ್ಲ.

ಇವತ್ತು ಸಂಜೆ ಅವಳ ಶಾಲೆಯ ವಾರ್ಷಿಕೋತ್ಸವದಲ್ಲೇ ತಾತ ನುಡಿಸುವುದಿತ್ತು. ಆದರೆ ಅವಳ ಗಮನ ಬೇರೆಲ್ಲೋ ಇತ್ತು. ಬಾಗಿಲ ಹತ್ತಿರ ಅವಳ ಕ್ಲಾಸಿನ ಮೂವರು ನಿಂತಿದ್ದರು.

“ಗಿಟಾರನ್ನ ತೊಡೆ ಮೇಲೆ ಮಲಗಿಸ್ಕೊಂಡಿದಾರಲ್ರೋ” ಎಂದಳು ಕ್ಲಾಸ್ ಲೀಡರ್. “ಕೈಯಲ್ಲಿ ಕಬ್ಬಿಣದ ತುಂಡು ಬೇರೆ. ಹಿಂದೆ ಮುಂದೆ ಹೆಂಗೆ ತಳ್ತಿದಾರೆ ನೋಡಿ. ಥೇಟ್ ಇಸ್ತ್ರಿ ಅಂಗಡಿ.”

“ನನ್ನ ಯೂನಿಫಾರ್ಮೂ ಕೊಡ್ಲಾ?” ಎಂದ ಪಕ್ಕದವನು. ಮೂವರೂ ಕಿಸಕ್ಕನೆ ನಕ್ಕರು.

ಚೂಟಿಯ ಮುಖ ಬಿಸಿಯಾಯಿತು. ತಾತನ ಮಾಸಿದ ಮಫ್ಲರು, ಎದೆಯ ತನಕ ಎಳೆದು ಬೆಲ್ಟ್ ಬಿಗಿದ ಪ್ಯಾಂಟು, ಎಲ್ಲವೂ ಇವತ್ತೇ ಮೊದಲ ಸಲ ಕಣ್ಣಿಗೆ ಬಿದ್ದಂತಾಯಿತು. ಇದೊಂದು ಬೇಗ ಮುಗಿದರೆ ಸಾಕಪ್ಪಾ ಎನಿಸಿತು.

“ಟ್ರೆಬಲ್ ಇನ್ನೊಂಚೂರು ಬೇಕಾ?”

“ಹೂಂ.”

“ಇನ್ನೂ?”

“ಹೂಂ, ಹೂಂ.”

“ಎಕೋ?”

“ಅದೂ ಸರಿಯಾಗಿದೆ ತಾತ. ಸಾಕು, ಬಾ.”

ತಾತ ಅವಳತ್ತ ಹೆಬ್ಬೆರಳೆತ್ತಿ ತೋರಿಸಿದರು. ಚೂಟಿ ನೋಡಿಯೂ ನೋಡದವಳಂತೆ ಶೂ ಲೇಸ್ ಕಟ್ಟಲು ಬಗ್ಗಿದಳು.

ಸಂಜೆ ಹಾಲ್ ತುಂಬಿತ್ತು. ತಾತ ಮೊದಲ ಸ್ವರ ಎಳೆದರು. ಅಷ್ಟೇ, ಸ್ಲೇಟಿನ ಮೇಲೆ ಉಗುರಿನಿಂದ ಗೀಚಿದಂಥ ಸದ್ದು ಎದ್ದಿತು. ಎಕೋ ಅದನ್ನು ಈ ಗೋಡೆಯಿಂದ ಆ ಗೋಡೆಗೆ ಎಸೆದಾಡಿತು. ಮುಂದಿನ ಸಾಲಿನ ಪುಟ್ಟ ಮಕ್ಕಳು ಕಿವಿ ಮುಚ್ಚಿಕೊಂಡರು. ಹಿಂದಿನಿಂದ ಯಾರೋ ಮಿಯಾಂವ್ ಎಂದರು. ಹಾಲಿಗೆ ಹಾಲೇ ನಕ್ಕಿತು.

ತಾತ ಗಾಬರಿಯಾಗಿ ವಾಲ್ಯೂಮ್ ತಗ್ಗಿಸಿದರು. ಸದ್ದು ಸಣ್ಣದಾಯಿತೇ ಹೊರತು ಚುಚ್ಚುವುದು ನಿಲ್ಲಲಿಲ್ಲ. ಅವರ ಕೈ ಟ್ರೆಬಲ್ ಗುಂಡಿಯ ತನಕ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತು, ತಿರುಗಿಸದೆ ಹಿಂದಕ್ಕೆ ಬಂತು. ಚೂಟಿ ಹೂಂ ಎಂದಿದ್ದಳಲ್ಲ!

ಮೂರನೇ ಸಾಲಿನಲ್ಲಿ ಕೂತಿದ್ದ ಚೂಟಿಗೆ ಅದು ಕಾಣಿಸಿತು. ‘ಟ್ರೆಬಲ್ ಇಳಿಸು ತಾತ’ ಎಂದು ಒಂದು ಮಾತು ಕೂಗಿದ್ದರೆ ಆಗುತ್ತಿತ್ತು. ಆದರೆ ಕೂಗಿದರೆ ಎಲ್ಲರೂ ತಿರುಗಿ ಇವಳನ್ನೇ ನೋಡುತ್ತಾರಲ್ಲ! ಅವಳು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ತಾತ ಅರ್ಧಕ್ಕೇ ನಿಲ್ಲಿಸಿ, ತಲೆಬಾಗಿ ಎದ್ದರು. ಹೆಡ್‌ಮೇಡಂ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು.

ಮನೆಗೆ ಬಂದವರೇ ತಾತ ಗಿಟಾರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು.

“ಇನ್ನು ಸಾಕು ಕಣಮ್ಮ” ಎಂದರು ಮಗಳಿಗೆ, ಅಂದರೆ ಚೂಟಿಯ ಅಮ್ಮನಿಗೆ. “ಯಾರಾದ್ರೂ ಕಲಿಯೋ ಮಕ್ಕಳಿದ್ರೆ ಇದನ್ನ ಕೊಟ್ಬಿಡೋಣ.”

“ಒಂದು ದಿನ ಹೆಚ್ಚುಕಮ್ಮಿ ಆಗಿದ್ದಕ್ಕೆ ಹೀಗಂತಾರಾ ಅಪ್ಪ?” ಎಂದರು ಅಮ್ಮ. “ಸೆಟ್ಟಿಂಗ್ ಏನೋ ತಪ್ಪಾಗಿರುತ್ತೆ.”

“ಸೆಟ್ಟಿಂಗ್ ಸರಿಯಾಗೇ ಇತ್ತು. ನಮ್ಮ ಚೂಟಿ ಕೂತು ಕೇಳಿ ಹೇಳಿದಾಳೆ, ಅವಳ ಕಿವಿ ತಪ್ಪಲ್ಲ. ನನ್ನ ಕೈಯೇ ನಡುಗ್ತಿರಬೇಕು. ಕಬ್ಬಿಣ ತಂತಿ ಮೇಲೆ ಗೀರಿದೆ.”

ಬೈದಿದ್ದರೆ ಚೂಟಿಗೆ ಎಷ್ಟೋ ಹಗುರವಾಗುತ್ತಿತ್ತು. ಹೊಗಳಿಬಿಟ್ಟರಲ್ಲ! ತಟ್ಟೆಯ ಮುಂದೆ ಕೂತವಳು ಕಲಸಿದ ಅನ್ನವನ್ನು ಹಾಗೇ ಬಿಟ್ಟಳು. ಎದ್ದು ತಾತನ ಕುರ್ಚಿಯ ಹತ್ತಿರ ಹೋಗಿ ನಿಂತಳು.

“ತಾತ, ನಿನ್ನ ಕೈ ಚೆನ್ನಾಗೇ ಇದೆ.”

“ಸಮಾಧಾನಕ್ಕೆ ಹೇಳ್ಬೇಡ ಮರಿ.”

“ಸಮಾಧಾನಕ್ಕಲ್ಲ. ನಾನು ಕೇಳಿಸ್ಕೊಳ್ಳಲೇ ಇಲ್ಲ. ಸುಮ್ನೆ ಹೂಂ ಹೂಂ ಅಂದೆ.”

ತಾತ ಅವಳನ್ನು ನೋಡಿದರು. “ಯಾಕೆ? ಹೊಟ್ಟೆ ಹಸಿದಿತ್ತಾ?”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನು ತಾತನೇ ತೆರೆದುಕೊಟ್ಟಿದ್ದರು. ಚೂಟಿ ಇಲ್ಲವೆಂದು ತಲೆಯಾಡಿಸಿದಳು.

“ಕ್ಲಾಸಿನವರು ನಗ್ತಿದ್ರು. ನಂಗೆ ನಾಚಿಕೆ ಆಯ್ತು.”

“ನನ್ನಿಂದಾನಾ?”

ಅವಳು ಹೌದೆಂದು ತಲೆ ಹಾಕಿದಳು.

ತಾತ ಬೈಯಲಿಲ್ಲ, ತಲೆ ಸವರಲೂ ಇಲ್ಲ. “ಹೋಗು, ಊಟ ಮಾಡು” ಎಂದು ಎದ್ದು ತಮ್ಮ ಕೋಣೆಗೆ ಹೋದರು. ಚೂಟಿ ಅಲ್ಲೇ ನಿಂತು ಅತ್ತಳು.

ಮಾರನೆಯ ದಿನ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು, ತಾತ ಕೂತಿದ್ದ ಕೋಣೆಗೆ ಹೋದಳು. ಮಂಚದ ಕೆಳಗಿದ್ದ ಆಂಪ್ಲಿಫೈಯರನ್ನು ಏದುಸಿರು ಬಿಡುತ್ತಾ ಹೊರಗೆ ಎಳೆದು, ಅದರ ಮುಖವನ್ನು ಓಣಿಯಂಥ ನಡುಮನೆಯ ಕಡೆಗೆ ತಿರುಗಿಸಿದಳು. ಆಮೇಲೆ ಹಿಂಬಾಗಿಲ ಹೊಸ್ತಿಲ ತನಕ ನಡೆದುಹೋಗಿ ಕೂತಳು. ಯಾರನ್ನೂ ಕರೆಯಲಿಲ್ಲ.

ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಗಿಟಾರ್ ಪೆಟ್ಟಿಗೆಯ ಕೊಂಡಿ ಟಕ್ ಎಂದಿತು.

“ಈಗ?” ತಾತನ ದನಿಯಲ್ಲಿ ಎಂದಿನ ಸಲಿಗೆ ಇರಲಿಲ್ಲ.

“ಚುಚ್ತಿದೆ.”

ಗುಂಡಿ ತಿರುಗಿತು. “ಈಗ?”

ಚೆನ್ನಾಗಿಯೇ ಇತ್ತು. ಹೂಂ ಎಂಬುದು ತುಟಿಯ ತನಕ ಬಂತು. ಅದನ್ನು ಹೇಳಿಬಿಟ್ಟರೆ ತಾತನಿಗೂ ಖುಷಿಯಾಗುತ್ತಿತ್ತೋ ಏನೋ. ಆದರೆ ಸ್ವರದ ಹಿಂದೆ ಏನೋ ತೆಳುವಾಗಿ ಗೀರುತ್ತಿತ್ತೇ, ಇಲ್ಲವೇ?

“ಸರಿಯಾಗಿ ಗೊತ್ತಾಗ್ಲಿಲ್ಲ ತಾತ. ಇನ್ನೊಂದ್ಸಲ ನುಡಿಸು.”

ತಾತ ಮತ್ತೆ ನುಡಿಸಿದರು. ನುಡಿಸಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಕತ್ತು ಮುಂದೆ ಚಾಚಿ, ಅವಳ ಬಾಯನ್ನೇ ನೋಡುತ್ತಾ ಕಾದರು.

ನಿನ್ನೆ ಸ್ಟೇಜಿನ ಮೇಲೂ ತಾತ ಹೀಗೆಯೇ ಕಾಯುತ್ತಿದ್ದಿರಬೇಕು. ಆಗ ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಚೂಟಿ ಕಣ್ಣು ಮುಚ್ಚಿಕೊಂಡು ಕೇಳತೊಡಗಿದಳು.