ಹದಿನಾಲ್ಕನೇ ಪೆಟ್ಟಿಗೆಯ ಹೆಂಗಸರು

೧೯೮೩ರ ನವೆಂಬರ್ ೮, ಮಂಗಳವಾರ. ಬೆಳಿಗ್ಗೆ ೯-೧೦ಕ್ಕೆ ಪೋರ್ಟ್ ಲೆನ್ನಾಕ್ ಠಾಣೆಗೆ ಊರಿನ ದಾಖಲೆ ಭಂಡಾರದ ಮುಖ್ಯಸ್ಥ ಲೆಸ್ಲಿ ಪೀರೀ ಬಂದು ದೂರು ಬರೆದುಕೊಟ್ಟ. ಹದಿನಾಲ್ಕನೇ ಪೆಟ್ಟಿಗೆಯಲ್ಲಿದ್ದ ಮೂವತ್ತೊಂದು ಫೋಟೋಗಳು ಕಾಣೆಯಾಗಿದ್ದವು. ೧೯೧೩ರ ಹೆರಿಂಗ್ ಮೀನಿನ ಹಂಗಾಮಿನಲ್ಲಿ ಬಂದರಿನ ಕಟ್ಟೆಯ ಮೇಲೆ ತೆಗೆದ ಪಟಗಳವು. ಊರಿನ ಚರಿತ್ರೆಯ ಪುಸ್ತಕಕ್ಕೆಂದು ಶುಕ್ರವಾರ ಅಚ್ಚಿನ ಮನೆಗೆ ಹೋಗಬೇಕಿತ್ತು.

ಇನ್‌ಸ್ಪೆಕ್ಟರ್ ಹ್ಯೂ ಮುನ್ರೊ ಹತ್ತು ಗಂಟೆಗೆ ಸ್ಥಳಕ್ಕೆ ಹೋದ. ಬೀಗ ಮುರಿದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು. ಕೀಲಿ ತನ್ನೊಬ್ಬನ ಹತ್ತಿರವೇ ಇರುವುದು ಎಂದು ಪೀರೀ ಎರಡು ಬಾರಿ ಹೇಳಿದ. ಮುನ್ರೊ ಪಟಗಳ ವಿವರಪಟ್ಟಿ ತರಿಸಿ ಓದಿದ. ಇಪ್ಪತ್ತೆರಡನೇ ಪಟದ ಮುಂದೆ ಹೀಗಿತ್ತು: ‘ವ್ಯಾಪಾರಿ ವಿಲಿಯಂ ಹೇ, ಪೀಪಾಯಿ ಮೇಸ್ತ್ರಿ ಜಾನ್ ರೀಡ್, ಹೇ ಅವರ ನಾಯಿ ಬ್ರೂನೊ, ಹೆಂಗಸರು.’

“ಈ ಹೆಂಗಸರು ಯಾರು?”

“ಮೀನು ಸೀಳೋರು. ಹೆಸರು ಗೊತ್ತಿಲ್ಲ.”

“ನಾಯೀದು ಗೊತ್ತಿದೆ.”

“ಹೇ ಅವರ ದಿನಚರಿಯಲ್ಲಿದೆ, ಇನ್‌ಸ್ಪೆಕ್ಟರ್. ನಮಗೆ ಸಹಿ ಇರೋ ಕಾಗದ ಬೇಕು. ಬಾಯಿಮಾತೆಲ್ಲ ದಾಖಲೆ ಆಗಲ್ಲ.”

ಬುಧವಾರ ೧೧-೩೦ರ ಅಂಚೆಯಲ್ಲಿ ಭಂಡಾರದ ವಿಳಾಸಕ್ಕೆ ಒಂದು ಲಕೋಟೆ ಬಂತು. ಒಳಗೆ ಕಳುವಾದ ಮೂರು ಪಟಗಳು! ಪ್ರತಿಯೊಂದರ ಹಿಂದೆಯೂ ಸೀಸದ ಕಡ್ಡಿಯಲ್ಲಿ, ಶಾಲೆಯ ಮಕ್ಕಳಂತೆ ದುಂಡಗೆ, ಹೆಂಗಸರ ಹೆಸರುಗಳನ್ನು ಬರೆದಿತ್ತು. ಕದ್ದವರು ಮಾಲನ್ನು ಸರಿಮಾಡಿ ವಾಪಸು ಕಳಿಸಿದ್ದನ್ನು ಮುನ್ರೊ ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹುಡುಕಿದ. ಒಂದು ಹೆಸರೂ ಸಿಗಲಿಲ್ಲ. ತಲೆ ಕೆಟ್ಟು ಪಟಗಳನ್ನು ಕಾನ್‌ಸ್ಟೇಬಲ್ ಎಫೀ ಸ್ಲೇಟರ್ ಮುಂದೆ ತಳ್ಳಿದ.

ಎಫೀ ಈ ಊರಿನ ಬೆಸ್ತರ ಮನೆಯವಳು. ನೋಡಿ ನಕ್ಕಳು.

“ಇವೆಲ್ಲ ತವರುಮನೆ ಹೆಸರು ಸರ್. ಇಲ್ಲಿ ಹೆಂಗಸರನ್ನ ಸಾಯೋವರೆಗೂ ಅದರಲ್ಲೇ ಕರೆಯೋದು. ಗೋರಿಕಲ್ಲಲ್ಲಿ ಹುಡುಕಿ, ಸಿಗ್ತಾರೆ.”

“ಇರ್ಲಿ. ಎಲ್ಲರೂ ತಲೆ ತಗ್ಗಿಸಿದ್ದಾರೆ, ಒಂದು ಮುಖವೂ ಕಾಣಲ್ಲ. ಗುರುತು ಹಿಡಿದದ್ದು ಹೇಗೆ?”

“ಬೆರಳು ನೋಡಿ. ಚೂರಿ ತಾಗದಿರಲಿ ಅಂತ ಬಟ್ಟೆ ಸುತ್ತಿ ದಾರ ಕಟ್ಕೊಳ್ತಿದ್ರು. ಒಬ್ಬೊಬ್ಬರು ಕಟ್ಟೋದು ಒಂದೊಂದು ಥರ. ನಮ್ಮಜ್ಜಿ ಹೇಳೋರು. ಪಕ್ಕದಲ್ಲಿ ನಿಂತು ಮೀನು ಸೀಳಿದೋರಿಗೆ ಮಾತ್ರ ಇದು ಗೊತ್ತಾಗೋದು.”

ಗುರುವಾರ ಬೆಳಿಗ್ಗೆ ಇಬ್ಬರೂ ಸ್ಮಶಾನದಲ್ಲಿ ಎರಡು ಗಂಟೆ ಅಲೆದರು. ಪಟಗಳ ಹಿಂದಿದ್ದ ಹೆಸರುಗಳೆಲ್ಲ ಕಲ್ಲುಗಳ ಮೇಲಿದ್ದವು. ಎಲ್ಲರೂ ಸತ್ತಿದ್ದರು. ಆದರೆ ಮೂರು ಪಟಗಳಲ್ಲೂ ಒಬ್ಬ ಎತ್ತರದ ಹುಡುಗಿ ಇದ್ದಳು, ಪೀಪಾಯಿಯೊಳಗೆ ಬಗ್ಗಿ ಮೀನು ಜೋಡಿಸುವವಳು. ಅವಳ ಹೆಸರಿನ ಜಾಗ ಮೂರರಲ್ಲೂ ಖಾಲಿ.

ಎಫೀ ಅಲ್ಲಿಯೇ ನಿಂತುಬಿಟ್ಟಳು. ತನ್ನನ್ನು ತಾನೇ ಮುಂದೆ ಮಾಡಿಕೊಳ್ಳುವುದೆಂದರೆ ಈ ಊರಿನ ಮುದುಕಿಯರಿಗೆ ಮಹಾ ನಾಚಿಕೆ. ಹೆಸರುಗಳನ್ನು ಹೇಳಿ ಬರೆಸಿದವಳು ತನ್ನದೊಂದನ್ನು ಬಿಟ್ಟಿದ್ದಾಳೆ ಎಂದಳು. ಇಬ್ಬರು ಸೀಳುವವರು, ಎತ್ತರದ ಒಬ್ಬಳು ತುಂಬುವವಳು, ಹೀಗೆ ಮೂವರದ್ದು ಒಂದು ತಂಡ. ಆ ಹುಡುಗಿಯ ಪಕ್ಕದಲ್ಲಿದ್ದ ಸೀಳುವವರಿಬ್ಬರ ಹೆಸರು ಹಿಡಿದು ಬಂದರಿನ ಮೀನಂಗಡಿಯಲ್ಲಿ ವಿಚಾರಿಸಿದರೆ ಐದೇ ನಿಮಿಷದಲ್ಲಿ ಉತ್ತರ ಸಿಕ್ಕಿತು: ಬೆಲ್ಲಾ ಮೇರ್, ಎಂಬತ್ತೊಂಬತ್ತು ವರ್ಷ, ಚರ್ಚ್ ಸಂದಿನ ಮೂರನೇ ಮನೆ. ಜೊತೆಗಿರುವ ಮಗಳು ವಿಲ್ಮಾ ದಾಖಲೆ ಭಂಡಾರದಲ್ಲಿ ಹತ್ತೊಂಬತ್ತು ವರ್ಷದಿಂದ ಕಸ ಗುಡಿಸುತ್ತಿದ್ದಾಳೆ.

ಮುನ್ರೊ ಪೀರೀಗೆ ಫೋನ್ ಮಾಡಿದ. ಗುಡಿಸುವವಳ ಹತ್ತಿರವೂ ಕೀಲಿ ಇದೆ, ಹೌದು. ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂದ ಪೀರೀ.

ಮಧ್ಯಾಹ್ನ ೩-೨೦ಕ್ಕೆ ಬಾಗಿಲು ತೆರೆದ ವಿಲ್ಮಾ ಏನನ್ನೂ ಅಲ್ಲಗಳೆಯಲಿಲ್ಲ. ಕಿಟಕಿಯ ಹತ್ತಿರ ಮುದುಕಿ ಭೂತಗನ್ನಡಿ ಹಿಡಿದು ಕೂತಿದ್ದಳು. ಮೇಜಿನ ಮೇಲೆ ಇಪ್ಪತ್ತೆಂಟು ಪಟಗಳು.

“ಎರಡು ಸಲ ಕೇಳ್ದೆ ಸರ್,” ಎಂದಳು ವಿಲ್ಮಾ. “ಅಮ್ಮನ್ನ ಕರ್ಕೊಂಡು ಬರ್ತೀನಿ, ತೋರಿಸಿ ಅಂದೆ. ಬಾಯಿಮಾತು ದಾಖಲೆ ಅಲ್ಲ ಅಂದ್ರು. ಕ್ರಿಸ್‌ಮಸ್ ಹೊತ್ತಿಗೆ ಅಮ್ಮಂಗೆ ಏನೂ ಕಾಣಲ್ಲ ಅಂದಿದ್ದಾರೆ ಕಣ್ಣಿನ ಡಾಕ್ಟರು. ಇವರನ್ನೆಲ್ಲ ಗುರುತು ಹಿಡಿಯೋರು ಆಮೇಲೆ ಯಾರಿದ್ದಾರೆ?”

“ಕಳ್ಳತನ ಕಳ್ಳತನವೇ, ವಿಲ್ಮಾ.”

“ಗೊತ್ತು ಸರ್. ಇನ್ನು ಒಂಬತ್ತು ಉಳಿದಿವೆ. ಅದೊಂದು ಮುಗಿಸಿ ಬರ್ತೀನಿ.”

ಮುನ್ರೊ ಟೋಪಿ ತೆಗೆದಿಟ್ಟ. ಕುರ್ಚಿ ಎಳೆದು ಕೂತು ಜಪ್ತಿ ಪಂಚನಾಮೆಯ ಹಾಳೆ ಬಿಡಿಸಿದ. ಪ್ರತಿ ವಸ್ತುವಿನ ಹಿಂದು ಮುಂದಿನ ವಿವರ ಅದರಲ್ಲಿ ಪೂರ್ತಿಯಾಗಿ ಇರಬೇಕು, ಇಬ್ಬರು ಅಧಿಕಾರಿಗಳ ಸಹಿ ಬೀಳಬೇಕು. ಹತ್ತೊಂಬತ್ತು ಪಟಗಳ ಹಿಂದೆ ಬರೆದದ್ದನ್ನು ಎಫೀ ಓದಿದಳು, ಅವನು ಬರೆದುಕೊಂಡ. ಉಳಿದ ಒಂಬತ್ತನ್ನು ಒಂದೊಂದಾಗಿ ಮುದುಕಿಯ ಕೈಗೆ ಕೊಟ್ಟ. “ಇದರಲ್ಲಿರೋರು ಯಾರು ಅಜ್ಜಿ? ಪಂಚನಾಮೆಗೆ ಬೇಕು,” ಎಂದ. ಬೆಲ್ಲಾ ಪಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆರಳಿನ ಗಂಟು ನೋಡಿ, ಹೆಸರು ಹೇಳಿದಳು. ಅವಸರ ಮಾಡಲಿಲ್ಲ. ಕೊನೆಗೆ ಉಳಿದದ್ದು ಇಪ್ಪತ್ತೆರಡನೆಯದು.

“ಈ ಎತ್ತರದ ಹುಡುಗಿ?”

“ಅದು ಬಿಡಪ್ಪ, ಯಾರೋ ಒಬ್ಬಳು.”

“ಪೊಲೀಸರು ಕೇಳ್ತಿದ್ದಾರೆ ಅಜ್ಜಿ. ಪೂರ್ತಿ ಹೆಸರು, ಕೆಲಸ.”

ಮುದುಕಿ ಮಗಳ ಕಡೆ ತಿರುಗಿದಳು. ವಿಲ್ಮಾ ಅಳುತ್ತಿದ್ದಳು.

“ಇಸಬೆಲ್ಲಾ ಮೇರ್,” ಎಂದಳು ಮುದುಕಿ. “ಪೀಪಾಯಿ ತುಂಬೋಳು. ಬರ್ಕೋ.”

೫-೪೫ಕ್ಕೆ ಮುನ್ರೊ, ಎಫೀ ಸಹಿ ಹಾಕಿದರು. ವಿಲ್ಮಾ ಕೋಟು ತೊಟ್ಟು ತಾನೇ ಮುಂದೆ ನಡೆದಳು. ೫-೫೦ಕ್ಕೆ ಬಂಧನ ಎಂದು ಡೈರಿಯಲ್ಲಿ ದಾಖಲಾಯಿತು. ಉದ್ದೇಶದ ಎದುರು ಮುನ್ರೊ ಬರೆದದ್ದು ಇಷ್ಟು: ‘ಇಟ್ಟುಕೊಳ್ಳಲು ಅಲ್ಲ. ತಾಯಿಯ ಕಣ್ಣು ಹೋಗುವ ಮೊದಲು ಜೊತೆಯವರ ಹೆಸರು ಬರೆಸಲು.’

ಶುಕ್ರವಾರ ಬೆಳಿಗ್ಗೆ ಪಟಗಳ ಜೊತೆ ಪಂಚನಾಮೆಯ ಪ್ರತಿಯೂ ಪೀರೀಯ ಮೇಜಿಗೆ ಬಂತು. ಇದನ್ನೇನು ಮಾಡಲಿ ಎಂದು ಅವನು ಮೂಗು ಮುರಿದ.

“ಸಹಿ ಇರೋ ಕಾಗದ,” ಎಂದ ಮುನ್ರೊ. “ನೀವು ಕೇಳಿದ್ದು ಅದನ್ನೇ.”

ವಸಂತದಲ್ಲಿ ಪುಸ್ತಕ ಬಂತು. ಅಷ್ಟರಲ್ಲಿ ಬೆಲ್ಲಾಗೆ ಕಣ್ಣು ಪೂರಾ ಹೋಗಿತ್ತು, ಎಫೀ ಓದಿ ಹೇಳಿದಳು. ಇಪ್ಪತ್ತೆರಡನೇ ಪಟದ ಅಡಿಯಲ್ಲಿ ಆರು ಹೆಸರುಗಳಿದ್ದವು. ನಾಯಿಯದು ಕೊನೆಯಲ್ಲಿತ್ತು.