ಹಿಮ್ಮಡಿಯಿಂದ ಮೂರು ಬೆರಳು ಮೇಲೆ

ಪೇದೆ ಗದಿಗೆವ್ವ ಟೇಪಿನ ತುದಿಯನ್ನು ನೆಲಕ್ಕೊತ್ತಿ, ಅಂದಾನಪ್ಪನ ಎಡಗಾಲಿನ ಬ್ಯಾಂಡೇಜಿನ ಮೇಲೆ ಒಸರಿದ್ದ ರಕ್ತದ ಕಲೆಯವರೆಗೆ ಎಳೆದಳು.

“ಹಿಂಬಡ ಊರ್ರಿ.”

“ಊರಾಕ ಬರೋಹಂಗಿದ್ರ ನಿಮ್ಮ ಠಾಣೆಗೆ ಯಾಕ ಬರ್ತಿದ್ನಿ?”

“ಬರೇ ತಾಗಸ್ರಿ, ಸಾಕು.”

ನಾಲ್ಕೂವರೆ ಇಂಚು. ಪಿಎಸ್‌ಐ ಕೊಟ್ರೇಶ ಕುರ್ಚಿಯಲ್ಲೇ ನಕ್ಕ. “ಏನವ್ವ, ಸಾವ್ಕಾರ್ರಿಗೆ ಪಾಯಜಾಮ ಹೊಲಿತಿಯೇನು?”

ಗದಿಗೆವ್ವ ಅಳತೆ ಬರೆದುಕೊಂಡಳು.

ದೂರು ದಾಖಲಾದದ್ದು ಅದೇ ದಿನ, 12-3-1998ರ ಬೆಳಿಗ್ಗೆ 11-20ಕ್ಕೆ. ಹೊಸ ಜಿಲ್ಲೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಎಫ್‌ಐಆರ್ ಪುಸ್ತಕದಲ್ಲಿ ಅಚ್ಚಾಗಿದ್ದ ‘ಧಾರವಾಡ’ವನ್ನು ಹೊಡೆದುಹಾಕಿ ಅವಳೇ ‘ಗದಗ’ ಎಂದು ಬರೆದಿದ್ದಳು. ಬೆಟಗೇರಿಯಲ್ಲಿ ಹನ್ನೆರಡು ಮಗ್ಗ ಹಾಕಿಸಿ ಸೀರೆ ನೇಯಿಸುವ ಅಂದಾನಪ್ಪನ ಹೇಳಿಕೆ ಇಷ್ಟೇ: ಒಂಬತ್ತು ಗಂಟೆಗೆ ಲಕ್ಕುಂಡಿ ರಸ್ತೆಯಲ್ಲಿ ನಡೆದು ಹೋಗುವಾಗ ಅಪರಿಚಿತರಿಬ್ಬರು ಹಿಂದಿನಿಂದ ಬಂದು ಕುಡುಗೋಲಿನಿಂದ ಕಾಲಿಗೆ ಹೊಡೆದು ಓಡಿದರು. ಕಲಂ 324, ಆಯುಧದಿಂದ ಗಾಯ. ಹೊಲಿಗೆ ಹಾಕಿಸಿಕೊಂಡು, ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಠಾಣೆಗೆ ಬಂದಿದ್ದ.

ವೈದ್ಯರ ಗಾಯದ ಪ್ರಮಾಣಪತ್ರ ಕಾಲನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಎಣಿಸಿತ್ತು. ತೊಡೆ, ಮೊಣಕಾಲು, ಮೀನಖಂಡ, ಹರಡು: ಗಾಯವಿಲ್ಲ. ಹಿಮ್ಮಡಿಯಿಂದ ಮೂರು ಬೆರಳು ಮೇಲೆ, ಹಿಂಬದಿಯಲ್ಲಿ, ಅಡ್ಡಲಾಗಿ ಎರಡು ಇಂಚಿನ ನೇರ ಕೊಯ್ತ. ನರ ಉಳಿದಿದೆ.

ಅಂದಾನಪ್ಪ ಹೊರಗಿನ ಬೆಂಚಿಗೆ ಹೋದ ಮೇಲೆ ಗದಿಗೆವ್ವ ಬಾಯಿಬಿಟ್ಟಳು.

“ಸರ್, ನಿಂತವ ಕುಡಗೋಲು ಬೀಸಿದ್ರ ಮೀನಖಂಡಕ್ಕ ಬೀಳ್ತೈತಿ. ಅದೂ ಓರಿಯಾಗಿ, ಸೊಟ್ಟ. ಇದು ಗೆರಿ ಎಳದಂಗ ಐತಿ.”

“ಕುಂತು ಹೊಡದಿರಬೇಕು ಬಿಡು.”

“ರಸ್ತೆದಾಗ ಯಾರ್ರಿ ಕುಂತು ಹೊಡಿಯವ್ರು? ಸಾವ್ಕಾರ್ರ ಚಪ್ಪಲಿ ನೋಡಿರೇನು? ಒಂದು ಹನಿ ರಕ್ತ ಇಲ್ಲ.”

ಕೊಟ್ರೇಶನ ನಗು ನಿಂತಿತು. 12-40ಕ್ಕೆ ಲಕ್ಕುಂಡಿ ರಸ್ತೆಯಲ್ಲಿ ಸ್ಥಳ ಪಂಚನಾಮೆ ಆಯಿತು. ಅಲ್ಲಿ ಧೂಳಿತ್ತು, ರಕ್ತವಿರಲಿಲ್ಲ.

ಗದಿಗೆವ್ವಳ ಅಪ್ಪ ಕುಣಿಮಗ್ಗ ನೇಯ್ದೇ ಸತ್ತವನು. ನೇಯುವವರು ಸೊಂಟದವರೆಗೆ ಕುಣಿಯೊಳಗೆ ಇಳಿದು ಕೂರುತ್ತಾರೆ; ಕೈ ನೆಲದ ಮಟ್ಟಕ್ಕಿರುತ್ತದೆ. ಮಗ್ಗದ ಮನೆಯೊಳಗೆ ಮಾಲಕನೂ ಚಪ್ಪಲಿ ಬಿಟ್ಟೇ ಬರಬೇಕು. ಇವೆರಡನ್ನೂ ಯಾರೂ ಅವಳಿಗೆ ಕಲಿಸಬೇಕಿರಲಿಲ್ಲ.

1-50ಕ್ಕೆ ಅಂದಾನಪ್ಪನ ಮಗ್ಗದ ಮನೆ ತಲುಪಿದರು. ಪೊಲೀಸರನ್ನು ಕಂಡರೂ ಹನ್ನೊಂದು ಮಗ್ಗಗಳು ಸದ್ದು ನಿಲ್ಲಿಸಲಿಲ್ಲ. ಹನ್ನೆರಡನೆಯದು ಸುಮ್ಮನಿತ್ತು. ಅದರ ಕುಣಿಯ ಅಂಚಿನಲ್ಲಿ ಮೊರದಷ್ಟು ಜಾಗಕ್ಕೆ ಮಾತ್ರ ಹೊಸದಾಗಿ ಸಗಣಿ ಸಾರಿಸಿತ್ತು, ಇನ್ನೂ ಹಸಿ. ಕುಣಿಯಲ್ಲಿ ರಸೂಲಬಿ ಕೂತಿದ್ದಳು. ನಲವತ್ತು ದಾಟಿದ ಹೆಂಗಸು. ಏಳಲಿಲ್ಲ.

“ಸಾವ್ಕಾರ್ರ ಕಾಲು ಯಾರು ಕೊಯ್ದ್ರು?” ಕೊಟ್ರೇಶ ಕೇಳಿದ.

“ನಾನ.”

“ಯಾತರಿಂದ?”

ನೂಲು ಕೊಯ್ಯುವ ಚಾಕುವನ್ನು ಅವಳು ಅಂಚಿನ ಮೇಲಿಟ್ಟಳು. ಪಂಚರ ಸಮಕ್ಷಮ ಅದನ್ನು ಅರಿವೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು.

“ಯಾಕ?”

“ಹದಿನಾಲ್ಕು ವರ್ಷ ಆತ್ರಿ. ಅವರ ಮಾರಿ ನನಗ ಅಷ್ಟು ಗೊತ್ತಿಲ್ಲ, ಕಾಲು ಗೊತ್ತದಾವ. ಹಿಂದ ನಿಂತು ಅಂಗಾಲಿಂದ ಭುಜ ಒತ್ತತಾರ. ಎಡ ಭುಜ ಒತ್ತಿದ್ರ ಜಲ್ದಿ, ಬಲ ಭುಜ ಒತ್ತಿದ್ರ ಎಳಿ ತಪ್ಪೇತಿ ಅಂತ. ನಿನ್ನೆ ಹೇಳಿದ್ನಿ, ಬಾಯಿ ಐತಲ್ರಿ, ಬಾಯಿಂದ ಹೇಳ್ರಿ ಅಂತ. ಇವತ್ತ ಕಾಲು ತಲಿ ಮ್ಯಾಲ ಇಟ್ರು. ಇಟ್ಟು, ಹೊಳ್ಳಿ ನಡದ್ರು. ನಾನೂ ಹೊಳ್ಳಿದ್ನಿ. ಹಿಂಬಡ ಎದರಿಗೇ ಇತ್ತು.”

ಪಕ್ಕದ ಮಗ್ಗದ ಮೋತಿಬಿ ಲಾಳಿ ನಿಲ್ಲಿಸದೆ ಅಂದಳು, “ಅವರು ಚೀರಿದ್ದು ಆಚಿ ಊರು ಹೊಂಬಳಕ್ಕ ಕೇಳಿರಬೇಕು. ನಾವೇನೂ ಕೇಳಿಲ್ರಿ.”

ಕುಣಿಯಲ್ಲಿ ಕೂತ ಹೆಂಗಸು ಕೊಯ್ದಳು ಎನ್ನುವುದಕ್ಕಿಂತ ಇಬ್ಬರು ಗಂಡಸರು ಕುಡುಗೋಲು ಹಿಡಿದು ಬಂದರು ಎನ್ನುವುದು ಅಂದಾನಪ್ಪನಿಗೆ ಮೇಲೆನಿಸಿತ್ತು. ಕೇಸ್ ಡೈರಿಯಲ್ಲಿ ಇದಕ್ಕೊಂದು ಕಾಲಂ ಇಲ್ಲವಲ್ಲ ಎಂದುಕೊಂಡಳು ಗದಿಗೆವ್ವ. 3-10ಕ್ಕೆ ಬಂಧನ ಎಂದಷ್ಟೇ ಬರೆದಳು; ಹೆಸರು ಠಾಣೆಯಲ್ಲಿ ತುಂಬಬೇಕಿತ್ತು.

ಠಾಣೆಯಲ್ಲಿ ಅಂದಾನಪ್ಪನ ದನಿ ತಗ್ಗಿತ್ತು. “ಊರ ಮಂದಿ ಬಾಯಿಗೆ ಹೋಗೂದು ಬ್ಯಾಡ್ರಿ ಸಾಹೇಬ್ರ. ಆಕಿ ಒಂದು ಸಲ ಕಾಲು ಮುಟ್ಟಿ ತಪ್ಪಾತು ಅನ್ಲಿ. ಯಾರು ಹೊಡದ್ರೋ ಗೊತ್ತಿಲ್ಲ ಅಂತನ ಉಳೀಲಿ. ನಾಳಿಂದ ಮಗ್ಗಕ್ಕ ಬರ್ಲಿ.”

ಕೊಟ್ರೇಶ ಪೆನ್ನು ಕೆಳಗಿಟ್ಟ. “ಕೇಳಿದೇನವ್ವ? ಇಲ್ಲಂದ್ರ ಮೂರು ವರ್ಷದ ತನಕ ಆಗಬಹುದು. ಬಗ್ಗು, ಮುಟ್ಟು, ಮನಿಗೆ ನಡಿ.”

ಅಂದಾನಪ್ಪ ಬ್ಯಾಂಡೇಜಿನ ಕಾಲನ್ನು ಮುಂದೆ ಚಾಚಿದ. ಒಂದು ಗಳಿಗೆ ಗದಿಗೆವ್ವಳಿಗೂ ಅನಿಸಿತು: ಮುಟ್ಟಿಬಿಡಲಿ, ಮನೆ ಸೇರಲಿ.

ರಸೂಲಬಿ ನಿಂತೇ ಇದ್ದಳು. ಕೂತಿದ್ದ ಅವನ ಕಾಲನ್ನು ಬೆರಳಿನಿಂದ ತೊಡೆಯವರೆಗೆ ನೋಡಿದಳು, ಅಲ್ಲಿಂದ ಮುಖದವರೆಗೆ. ಈ ಎತ್ತರದಿಂದ ಅವಳು ಅವನನ್ನು ಎಂದೂ ನೋಡಿರಲಿಲ್ಲ.

“ಮುಟ್ಟಂಗಿಲ್ಲ,” ಅಂದಳು. “ನನ್ನ ಹೆಸರು ಬರಕೊಳ್ರಿ.”