ಸಂಘಮಿತ್ರ ಕೇಳದೇ ಬಿಟ್ಟ ಪ್ರಶ್ನೆ

“ಸರ್, ಒಂದು ಡೌಟು... ಅಲಾರಾಂ ಹೊಡ್ಕೊಂಡ್ರೆ ‘ವೆಂಟ್ ಆಫ್’ ಅಂತೀರಲ್ಲ, ಆಫ್ ಅಂದ್ರೆ ನಿಂತ್ಹೋಗೋದು ತಾನೆ? ಬಡ್ಕೊಳ್ತಾ ಇರೋದು ಆಫ್ ಹೇಗಾಗುತ್ತೆ?”

ಚಿಕ್ಕಬಳ್ಳಾಪುರದ ಆ ತರಬೇತಿ ಕೊಠಡಿಯಲ್ಲಿ ಕೂತಿದ್ದ ನಲವತ್ತು ಮಂದಿ ಮೇಷ್ಟರುಗಳು ಗೊಳ್ಳೆಂದು ನಕ್ಕರು!

ಪ್ರಶ್ನೆ ಕೇಳಿದವಳು ಸಂಘಮಿತ್ರ. ಮಂಚೇನಹಳ್ಳಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇಂಗ್ಲಿಷ್ ಹುದ್ದೆ ಎರಡು ವರ್ಷದಿಂದ ಖಾಲಿ ಬಿದ್ದು, ಆ ಪಾಠವೂ ಇವಳ ತಲೆಗೇ ಬಂದಿತ್ತು. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ.

“ಅದು ಇಡಿಯಮ್ಮು ಕಣಮ್ಮ. ಬಾಯಿಪಾಠ ಮಾಡ್ಕೊಳ್ಳಿ, ಅಷ್ಟೆ,” ಎಂದರು ತರಬೇತಿ ಕೊಡುತ್ತಿದ್ದ ಮುರಳಿಮೋಹನ್.

ಅವಳ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ.

“ಮಕ್ಕಳು ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ ಸರ್?”

ಕಿಟಕಿ ಪಕ್ಕದ ಬೆಂಚಿನಿಂದ ಒಬ್ಬ ಎದ್ದು ನಿಂತ. ನಗದೇ ಇದ್ದವನು ಅವನೊಬ್ಬನೇ.

“ಎಂಟು ವರ್ಷದಿಂದ ಚಿಂತಾಮಣೀಲಿ ಇಂಗ್ಲಿಷ್ ಪಾಠ ಮಾಡ್ತಿದೀನಿ ಸರ್. ಈ ಪ್ರಶ್ನೆ ನಂಗೆ ಒಂದ್ಸಲಾನೂ ಹೊಳೀಲಿಲ್ಲ. ನಗೋ ಮುಂಚೆ ನಾವು ಉತ್ತರ ಹುಡುಕ್ಬೇಕಿತ್ತು...”

ಅವನ ಹೆಸರು ಹರಿಕೃಷ್ಣ.

ಊಟದ ಹೊತ್ತಿನಲ್ಲಿ ಅವನು ಊಟ ಬಿಟ್ಟು ಲೈಬ್ರರಿಗೆ ಹೋಗಿದ್ದ. ಗಂಟೆ ಹೊಡೆಯುವ ಮುಂಚೆ ಓಡಿಬಂದು ಅವಳ ಮುಂದೆ ನಿಂತು, ಏದುಸಿರು ಬಿಡುತ್ತ ಹೇಳಿದ.

“ಸಿಕ್ತು ಮೇಡಂ! ಬಂದೂಕು! ಅದು ಹಾರಿದ್ರೂ ‘ವೆಂಟ್ ಆಫ್’ ಅಂತಾರೆ. ಗುಂಡು ಒಳಗೆ ಹಿಡಿದಿಟ್ಟಿರುತ್ತೆ, ಬಿಟ್ರೆ ಹೊರಟುಹೋಗುತ್ತೆ. ಈ ‘ಆಫ್’ ನಿಲ್ಲೋದಲ್ಲ, ಹೊರಡೋದು. ಆ ಮಾತೇ ಅಲಾರಾಮಿಗೂ ಬಂದಿದೆ.”

ಸಂಘಮಿತ್ರಳ ಕಣ್ಣು ಅರಳಿತು.

“ಅಯ್ಯೋ... ನಾವೂ ಹಂಗೇ ಅಲ್ವಾ ಸರ್! ಹೊರಡೋವಾಗ ‘ಬರ್ತೀನಿ’ ಅಂತೀವಿ. ದೀಪ ಆರಿಸು ಅನ್ನೋಕೆ ‘ದೀಪ ದೊಡ್ಡದು ಮಾಡು’ ಅಂತಾರೆ ನಮ್ಮಜ್ಜಿ. ಇಂಗ್ಲಿಷ್‌ನೋರು ಮಾತ್ರ ತಿಕ್ಕಲು ಅಂದ್ಕೊಂಡಿದ್ದೆ!”

‘ನಾನು ಪುಸ್ತಕದಲ್ಲಿ ಹುಡುಕಿದೆ... ಇವಳು ಬದುಕಿನಲ್ಲೇ ಹುಡುಕಿಬಿಟ್ಟಳಲ್ಲ!’ ಎಂದುಕೊಂಡ ಹರಿಕೃಷ್ಣ. ಆ ಮೆಚ್ಚುಗೆಯನ್ನು ಮುಚ್ಚಿಡಲು ಅವನಿಗೆ ಬರಲೂ ಇಲ್ಲ.

ಹಾಗೆ ಶುರುವಾಯಿತು. ದಿನಕ್ಕೊಂದು ಎಡವಟ್ಟು ಮಾತು ಅವಳು ಕಳಿಸಬೇಕು, ಅವನು ಬಿಡಿಸಬೇಕು. ಮೆಸೇಜೆಲ್ಲ ಇಂಗ್ಲಿಷಿನಲ್ಲೇ, ಅಭ್ಯಾಸಕ್ಕೆ. ಫಾರಂ ತುಂಬುವುದು ‘ಫಿಲ್ ಇನ್’ ಹೌದು, ‘ಫಿಲ್ ಔಟ್’ ಕೂಡ ಹೌದು, ಹೇಗೆ? ಖಾಲಿ ಜಾಗದ ಒಳಗೆ ಬರೆದರೆ ಇನ್, ಇಡೀ ಹಾಳೆ ಮುಗಿಸಿದರೆ ಔಟ್ ಎಂದ ಅವನು. ಮನೆ ಸುಟ್ಟರೆ ‘ಬರ್ನ್ ಅಪ್’, ‘ಬರ್ನ್ ಡೌನ್’ ಎರಡೂ ಯಾಕೆ? ಅದಕ್ಕೆ ಅವನೂ ತಡವರಿಸಿದ. ಉತ್ತರ ಅವಳೇ ಕೊಟ್ಟಳು: “ಹೊಗೆ ನೋಡೋರಿಗೆ ಅಪ್ಪು, ಗೋಡೆ ನೋಡೋರಿಗೆ ಡೌನು!”

ಅವಳ ತರಗತಿಯಲ್ಲಿ ಈಗ ಬಾಯಿಪಾಠವೇ ಇರಲಿಲ್ಲ. ತಪ್ಪಾದರೂ ಪರವಾಗಿಲ್ಲ ಎಂದು ಮಕ್ಕಳು ಕೈಯೆತ್ತಿ ಕೇಳುತ್ತಿದ್ದರು. ಹೆಡ್‌ಮಾಸ್ಟರ್ ಕೋನಪ್ಪನವರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು, ಮೆಲ್ಲನೆ ತಲೆದೂಗಿ ಹೋಗುತ್ತಿದ್ದರು.

ಶನಿವಾರಗಳಂದು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನ ಎದುರು ಇಬ್ಬರೂ ಕಾಫಿ ಕುಡಿಯತೊಡಗಿದರು. ಏಳನೆಯ ಶನಿವಾರ ಅವನು ಕೇಳಿಯೇಬಿಟ್ಟ.

“ಸಂಘಮಿತ್ರ... ನನ್ನ ಮದುವೆ ಆಗ್ತೀರಾ?”

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. “ಯೋಚನೆ ಮಾಡಿ ಹೇಳ್ತೀನಿ,” ಎಂದಳು.

ಅವಳ ಯೋಚನೆ ಅವನ ಬಗ್ಗೆ ಅಲ್ಲ. ಅವನದು ತಲೆಮಾರುಗಳಿಂದ ಜಮೀನಿದ್ದ ಮನೆತನ. ಇವಳ ತಾತನಿಗೆ ಅಂಥವರ ಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅಪ್ಪ ಬಯ್ಯಪ್ಪ ಬೌದ್ಧನಾಗಿ, ಮಗಳಿಗೆ ಈ ಹೆಸರಿಟ್ಟು, ತಲೆಯೆತ್ತಿ ನಡೆಯಲು ಕಲಿಸಿದ್ದ. ಕದ್ದುಮುಚ್ಚಿ ನಡೆಯುವ ಪ್ರೀತಿ ಅವಳಿಗೆ ಬೇಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ ಮೆಸೇಜ್ ಬರೆದಳು. ‘ನಮ್ಮ ಜಾತಿ ಬೇರೆ. ನಾನು ಯಾರೆಂದು ಮುಚ್ಚಿಡಬಾರದು. ಈ ವಾರವೇ ಎರಡೂ ಮನೆಗೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಡು ಯು ಅಗ್ರೀ?’

ಎರಡೇ ನಿಮಿಷಕ್ಕೆ ಉತ್ತರ ಬಂತು.

‘ಕುಡ್ ನಾಟ್ ಅಗ್ರೀ ಮೋರ್.’

ಅವಳು ಒಂದೊಂದೇ ಪದ ಬಿಡಿಸಿ ಓದಿದಳು. ಕುಡ್ ನಾಟ್... ಆಗಲಿಲ್ಲ. ಅಗ್ರೀ ಮೋರ್... ಇನ್ನು ಒಪ್ಪುವುದು. ‘ಇನ್ನು ಒಪ್ಪಲಾಗುವುದಿಲ್ಲ!’

‘ಜಾತಿ ಅನ್ನೋ ಮಾತು ಬಂದ ತಕ್ಷಣ... ಎರಡೇ ನಿಮಿಷ! ಅಷ್ಟೇನಾ ಹರಿ?’

ಅವನ ನಂಬರನ್ನು ಬ್ಲಾಕ್ ಮಾಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಂಡಕಂಡಲ್ಲಿ ಪ್ರಶ್ನೆ ಕೇಳುತ್ತಿದ್ದ ಹುಡುಗಿ ಅಂದು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಚಿಕ್ಕಂದಿನಿಂದ ಹೆದರಿದ್ದ ಉತ್ತರ ಬಂತೆಂದು ಅನಿಸಿದಾಗ, ಅದರ ಅರ್ಥವೇನೆಂದು ಯಾರು ತಾನೆ ವಿಚಾರಿಸುತ್ತಾರೆ?

ಮಾರನೆಯ ದಿನ ಅವನು ಶಾಲೆಯ ಗೇಟಿಗೇ ಬಂದ. ಕೋನಪ್ಪನವರು ಬಂದು, “ಯಾರೋ ಚಿಂತಾಮಣಿ ಮೇಷ್ಟ್ರು ಕಾಯ್ತಾವ್ರೆ ಕಣಮ್ಮ,” ಎಂದರು.

“ಕ್ಲಾಸಿದೆ ಅಂತ ಹೇಳಿ ಸರ್...” ಎಂದು ಬೆನ್ನು ತಿರುಗಿಸಿದಳು. ಗಂಟೆ ಹೊಡೆದ ಮೇಲೆ ಹಿಂದಿನ ಗೇಟಿನಿಂದ ಹೊರಟುಹೋದಳು. ಅವನು ಮತ್ತೆ ಬರಲಿಲ್ಲ.

ಎರಡು ತಿಂಗಳು ಕಳೆದವು.

ಒಂದು ಶನಿವಾರ ಶಿಕ್ಷಣಾಧಿಕಾರಿ ಲಾವಣ್ಯ ಶಾಲೆ ನೋಡಲು ಬಂದರು. ಮಕ್ಕಳ ಪ್ರಶ್ನೆಗಳನ್ನು ಕೇಳಿ ಬೆರಗಾಗಿ, ಸಂಘಮಿತ್ರಳನ್ನು ಕರೆದು ಮಾತಾಡಿಸಿದರು.

“ಮೇಡಂ, ತಪ್ಪು ಇಂಗ್ಲಿಷ್ ಮಾತಾಡೋಕೆ ಮಕ್ಕಳಿಗೆ ಬಿಡ್ಬೇಕು. ನಾಚಿಕೆ ಹೋದ್ರೆ ಭಾಷೆ ತಾನಾಗೇ ಬರುತ್ತೆ,” ಎಂದಳು ಅವಳು.

“ಕುಡ್ ನಾಟ್ ಅಗ್ರೀ ಮೋರ್!” ಎಂದು ಅವರು ಅವಳ ಕೈ ಹಿಡಿದು ಕುಲುಕಿದರು.

ಸಂಘಮಿತ್ರ ಅವರ ಮುಖವನ್ನೇ ನೋಡಿದಳು. ಬಾಯಲ್ಲಿ ಅದೇ ಮಾತು... ಮುಖದ ತುಂಬ ನಗು!

“ಮೇಡಂ... ಹಾಗಾದ್ರೆ ನೀವು ಒಪ್ಪಲ್ವಾ?”

“ಅಯ್ಯೋ, ಪೂರ್ತಿ ಒಪ್ದೆ ಕಣಮ್ಮ! ಇದಕ್ಕಿಂತ ಹೆಚ್ಚು ಒಪ್ಪೋಕೆ ಜಾಗಾನೇ ಇಲ್ಲ ಅಂತ ಅದರ ಅರ್ಥ.”

ಅವಳು ಫೋನ್ ತೆಗೆದು ಆ ಹಳೆಯ ಮೆಸೇಜನ್ನು ಮತ್ತೊಮ್ಮೆ ಓದಿದಳು.

‘ಒಪ್ಪೋಕೆ ಜಾಗಾನೇ ಇಲ್ಲ...! ಎರಡೇ ನಿಮಿಷದಲ್ಲಿ... ಅಷ್ಟು ಒಪ್ಪಿಗೆ ಕೊಟ್ಟವನನ್ನ ನಾನು ಗೇಟಲ್ಲಿ ನಿಲ್ಲಿಸಿಬಿಟ್ಟೆನಾ?’

ಅರ್ಧ ದಿನದ ಶಾಲೆ ಮುಗಿದದ್ದೇ ತಡ, ಬಸ್ಸು ಹತ್ತಿದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದಳು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಖಾಲಿ ಚೀಲಗಳನ್ನು ಹೊತ್ತ ರೈತರು ಹತ್ತಿ ಸೀಟೆಲ್ಲ ತುಂಬಿತು. ಫೋನ್ ಕೈಯಲ್ಲೇ ಇತ್ತು. ಫೋನಿನಲ್ಲಿ ಕಡಿದುಕೊಂಡದ್ದಕ್ಕೆ ಎದುರಿಗೆ ನಿಂತೇ ಕ್ಷಮೆ ಕೇಳಬೇಕು ಎಂದು ಅವಳು ಕರೆ ಮಾಡಲಿಲ್ಲ.

ಚಿಂತಾಮಣಿಯಲ್ಲಿ ವಿಚಾರಿಸಿಕೊಂಡು ಮನೆ ಹುಡುಕಿದಳು. ಬಾಗಿಲು ತೆಗೆದದ್ದು ಅವನ ತಾಯಿ ಶ್ಯಾಮಲಮ್ಮ.

“ನೀನೇನಾ ಸಂಘಮಿತ್ರ?”

“ಹೌದಮ್ಮ... ನಾನು ತಪ್ಪು ಮಾಡಿದೀನಿ. ಅವರ ಮಾತು ನಂಗೆ ಅರ್ಥ ಆಗ್ಲಿಲ್ಲ. ಬೇಡ ಅಂದ್ರು ಅಂದ್ಕೊಂಡೆ...”

ಶ್ಯಾಮಲಮ್ಮ ತಲೆಯಾಡಿಸಿದರು.

“ಬೇಡ ಅಂದಿದ್ದು ಅವನಲ್ಲ ಕಣೇ, ನಾನು! ಆ ಭಾನುವಾರಾನೇ ನನ್ನ ಮುಂದೆ ಕೂತು ಹೇಳ್ದ. ನಾನು ಆಗಲ್ಲ ಅಂದೆ. ಹತ್ತು ದಿನ ಮಾತು ಬಿಟ್ಟೆ. ‘ಅಮ್ಮ, ನಿನ್ನೂ ಬಿಡಲ್ಲ, ಅವಳಿಗೆ ಕೊಟ್ಟ ಮಾತೂ ಬಿಡಲ್ಲ’ ಅಂದ. ಆಮೇಲೆ ನೀನೇ ಬಿಟ್ಟೋದೆ ಅಂತ ಗೊತ್ತಾಯ್ತು. ನಂಗೆ ಸಂತೋಷ ಆಗ್ಬೇಕಿತ್ತು...”

ಅವರು ಬಾಗಿಲನ್ನು ಪೂರ್ತಿ ತೆರೆದರು.

“ಆಗ್ಲಿಲ್ಲ. ನಿನ್ನ ಪ್ರಶ್ನೆಗಳನ್ನೆಲ್ಲ ಮಕ್ಕಳಿಗೆ ಓದಿ ಹೇಳ್ತಾನೆ ಈಗ್ಲೂ. ಬಸ್ಸಲ್ಲಿ ಬಂದೆಯಾ? ಊಟ ಆಗಿಲ್ಲ ತಾನೆ? ರಾ ಅಮ್ಮ, ಲೋಪಲಿಕಿ ರಾ... ಒಳಗೆ ಬಾ!”

ಅವರು ಕೈ ಹಿಡಿದು ಅವಳನ್ನು ನೇರ ಅಡುಗೆಮನೆಗೇ ಕರೆದೊಯ್ದು ತಟ್ಟೆ ಹಾಕಿದರು. ಸಂಘಮಿತ್ರ ಮೊದಲ ತುತ್ತು ಮುರಿದಳು. ಕಣ್ಣೀರು ಮುದ್ದೆಯ ಮೇಲೇ ಉದುರಿತು.

ಆಗ ಬಾಗಿಲಲ್ಲಿ ಸದ್ದಾಯಿತು. ಹರಿ! ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟು ನೆಲಕ್ಕೆ ಬಿತ್ತು.

“ಸಂಘಮಿತ್ರ...?”

“ನಂಗೆ ಆ ಮಾತು ಗೊತ್ತಿರ್ಲಿಲ್ಲ ಹರಿ. ಕುಡ್ ನಾಟ್ ಅಂದ್ರೆ ಆಗಲ್ಲ ಅಂದ್ಕೊಂಡೆ. ಕೇಳ್ಬೇಕಿತ್ತು... ಜಾತಿ ವಿಷ್ಯ ಅಲ್ವಾ, ಕೇಳೋಕೆ ಭಯ ಆಯ್ತು.”

ಅವನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ.

“ಅಷ್ಟು ದೊಡ್ಡ ಪ್ರಶ್ನೆಗೆ ಒಂದು ‘ಹೂಂ’ ಅನ್ನದೆ ಜಂಬ ಮಾಡಿದ್ದು ನಾನು. ತಪ್ಪು ನಂದು. ಗೇಟಲ್ಲಿ ನಿಂತಾಗ, ನಿಮ್ಮ ಮನೇಲಿ ಬೇಡ ಅಂದ್ರೇನೋ ಅಂದ್ಕೊಂಡು ನಾನೂ ಕೇಳ್ಲಿಲ್ಲ ನೋಡಿ...”

“ಈಗ ಕೇಳಿ.”

“ಮದುವೆ ಆಗ್ತೀರಾ?”

“ಹೂಂ.”

ಶ್ಯಾಮಲಮ್ಮ ಸಾರು ಬಡಿಸುವ ನೆವದಲ್ಲಿ ಅತ್ತ ತಿರುಗಿ ಕಣ್ಣೊರೆಸಿಕೊಂಡರು.

“ನಾಳೆ ನಿಮ್ಮೂರಿಗೆ ಬರ್ತೀನಿ,” ಎಂದ ಹರಿ ಮೆಲ್ಲನೆ. “ನಿಮ್ಮಪ್ಪಂಗೆ ಏನ್ ತರ್ಲಿ?”

“ಏನೂ ಬೇಡ. ಅಮ್ಮನ್ನ ಕರ್ಕೊಂಡ್ ಬನ್ನಿ... ಸಾಕು.”